ಮೇಸ್ತ್ರಿಯ ಕಿವಿ

ಗುರುವಾರ, ಹದಿನಾಲ್ಕನೇ ತಾರೀಕು
ಡಿಪೋ ಕ್ಯಾಂಟೀನು, ಮಧ್ಯಾಹ್ನ

ಗೆಳೆಯ ಸ್ಪ್ಯಾನರ್,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದ ಪಾಪಿ ನಾನು. ಬೈಯುವುದಿದ್ದರೆ ಈಗಲೇ ಬೈದುಬಿಡು, ಪೂರ್ತಿ ಓದಿದ ಮೇಲೆ ನಿನಗೆ ಬೈಯಲೂ ಬಾಯಿ ಬಾರದು. ಅತ್ತಿಗೆ, ಮಗಳು ಹೇಗಿದ್ದಾರೆ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ.

ನಮ್ಮ ಡಿಪೋ ಈಗ ನಿನಗೆ ಗುರುತೇ ಸಿಗುವುದಿಲ್ಲ. ಡೀಸೆಲ್ ಬಸ್ಸು ಐದೇ ಉಳಿದಿವೆ, ಮಿಕ್ಕವೆಲ್ಲ ಕರೆಂಟಿನವು. ಡೀಸೆಲ್ ಟ್ಯಾಂಕಿದ್ದ ಜಾಗದಲ್ಲಿ ಚಾರ್ಜ್ ಮಾಡುವ ಕಂಬಗಳು, ಗೋಡೆ ತುಂಬ ಹಸಿರು ಬಣ್ಣ. ಇಪ್ಪತ್ತೆರಡು ಮೆಕ್ಯಾನಿಕ್‌ಗಳಲ್ಲಿ ಆರು ಜನರನ್ನು ಉಳಿಸಿಕೊಂಡು ಮೂರು ವಾರ ತರಬೇತಿ ಕೊಟ್ಟರು, ಅದರಲ್ಲಿ ನಾನೊಬ್ಬ. ಒಂದು ಮಾತು ನಿಜ, ಗಾಳಿ ಚೆನ್ನಾಗಿದೆ. ನನ್ನ ಹಳೇ ಕೆಮ್ಮು ಹೇಳದೆ ಕೇಳದೆ ಹೊರಟುಹೋಯಿತು.

ಮೇಸ್ತ್ರಿಗೆ ಮಾತ್ರ ಇದು ರುಚಿಸಲಿಲ್ಲ. ನಮ್ಮಿಬ್ಬರಿಗೂ ಕಿವಿ ಹಿಂಡಿ ಕೆಲಸ ಕಲಿಸಿದ ಮನುಷ್ಯ. ಆ ಐದು ಬಸ್ಸು ಇರುವ ತನಕ ಅವರಿಗೆ ಕೆಲಸ. ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚುತ್ತಾರೆ. "ಮೂರನೇ ಸಿಲಿಂಡರ್ ಅಳ್ತಾ ಇದೆ" ಅನ್ನುತ್ತಾರೆ. ಬಿಚ್ಚಿದರೆ ಮೂರನೆಯದೇ! ಹೊಸ ಬಸ್ಸಿಗೆ ಇಂಜಿನ್ ಸದ್ದೇ ಇಲ್ಲ, ನಿಧಾನ ಹೋಗುವಾಗ ಜನಕ್ಕೆ ಗೊತ್ತಾಗಲೆಂದು ಅಡಿಯಲ್ಲಿ ಒಂದು ಸ್ಪೀಕರ್ ಗುಂಯ್‌ಗುಡುತ್ತದೆ. ಹೋದ ಸೋಮವಾರ ನಾನು ಏಳನೇ ನಂಬರಿನ ಬಸ್ಸನ್ನು ಅವರ ಪಕ್ಕದಲ್ಲೇ ಹಿಂದೆ ಮುಂದೆ ಮಾಡುತ್ತಿದ್ದೆ. "ಲೋ, ನೆಗಡಿ ಹಿಡಿದ ಕೂಸಿನ ಥರ ಅದೇನೋ ರಾಗ! ಬಾಯಿ ಮುಚ್ಚಿಸೋ ಅದರದ್ದು, ನನ್ನ ಇಂಜಿನ್ ಏನ್ ಹೇಳ್ತಿದೆ ಅಂತ ಕೇಳ್ಬೇಕು" ಎಂದು ಗದರಿದರು. ಎಲ್ಲರೂ ನಕ್ಕೆವು.

ಮರುದಿನ ಬೆಳಿಗ್ಗೆ ಅದೇ ಏಳನೇ ನಂಬರು ಅವರಿಗೆ ಹೊಡೆಯಿತು.

ನಿನಗೇ ಗೊತ್ತು, ಡಿಪೋ ಅಂಗಳದಲ್ಲಿ ನಾವ್ಯಾರೂ ತಿರುಗಿ ನೋಡಿ ನಡೆದವರಲ್ಲ. ಬಸ್ಸು ಎತ್ತಲಿಂದ ಬರುತ್ತಿದೆಯೆಂದು ಕಿವಿಯೇ ಹೇಳುತ್ತಿತ್ತು. ಅವರು ಟೀ ಲೋಟ ಹಿಡಿದು ಹೊರಟರು, ಡ್ರೈವರ್ ಹುಡುಗಿಯೊಬ್ಬಳು ರಿವರ್ಸ್ ತೆಗೆಯುತ್ತಿದ್ದ ಬಸ್ಸು ಬೆನ್ನ ಹಿಂದಿನಿಂದ ಬಂತು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಕೂಗುವಷ್ಟರಲ್ಲಿ ಬಸ್ಸು ತಗುಲಿಬಿಟ್ಟಿತ್ತು ಕಣೋ! ಅವರ ಸೊಂಟದ ಮೂಳೆ ಮುರಿದಿದೆ.

ಆಸ್ಪತ್ರೆಯಲ್ಲಿ ಅವರು ಸೊಂಟದ ಮಾತೇ ಎತ್ತಲಿಲ್ಲ. "ಆ ಡ್ರೈವರ್ ಹುಡುಗಿಗೆ ಏನೂ ಮಾಡ್ಬೇಡಿ. ಬಸ್ಸು ಸದ್ದು ಮಾಡ್ಕೊಂಡೇ ಬಂದಿರುತ್ತೆ. ನಿಮ್ಮ ಮಾತು ಕೇಳ್ಸುತ್ತೆ, ಬಸ್ಸು ಕೇಳ್ಸಲಿಲ್ಲ. ನನ್ನ ಕಿವಿ ಹೋಯ್ತು ಕಣೋ" ಎಂದು ಅತ್ತುಬಿಟ್ಟರು. ಮೇಸ್ತ್ರಿ ಅತ್ತದ್ದನ್ನು ನಾನು ಕಂಡದ್ದು ಇದೇ ಮೊದಲು. ಮ್ಯಾನೇಜರು ಹಾಗೆಂದೇ ಹೇಳಿಕೆ ಬರೆಸಿಕೊಂಡರು. ಎದ್ದು ಓಡಾಡುವಂತಾದರೂ ಇನ್ನು ಡಿಪೋಗೆ ಬರುವುದಿಲ್ಲವಂತೆ. ಸ್ಕ್ರೂಡ್ರೈವರನ್ನು ನನಗೆ ಕೊಟ್ಟಿದ್ದಾರೆ.

ಅತ್ತಿಗೆಗೆ ನಮಸ್ಕಾರ, ಮಗಳಿಗೆ ಆಶೀರ್ವಾದ. ನೀನು ನೂರು ವರ್ಷ ಬಾಳು; ರಸ್ತೆ ದಾಟುವಾಗ ಎರಡೂ ಕಡೆ ನೋಡು.

ಮೇಸ್ತ್ರಿ ಇಟ್ಟ ಹೆಸರಿನ ನಿನ್ನ
ಬೋಲ್ಟು

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅವರ ಕಿವಿ ಚೆನ್ನಾಗಿಯೇ ಇದೆ. ಸೋಮವಾರ ಎಲ್ಲರೂ ನಕ್ಕು ಚದುರಿದ ಮೇಲೆ ನಾನು ಬಸ್ಸಿನಡಿ ನುಗ್ಗಿ ಸ್ಪೀಕರಿನ ವೈರು ಕಿತ್ತಿದ್ದೆ, ಸಂಜೆ ಸಿಕ್ಕಿಸೋಣವೆಂದು. ಮರೆತೆ. ಅವರು ಬಿದ್ದ ದಿನ, ಯಾರೂ ಪರೀಕ್ಷಿಸುವ ಮೊದಲೇ ಸಿಕ್ಕಿಸಿಬಿಟ್ಟೆ. ತಮ್ಮ ಕಿವಿ ಮಂದವಾಗಿದೆ ಎಂಬ ಆ ಹೇಳಿಕೆಗೆ ಅವರು ಸಹಿ ಹಾಕುವಾಗ ಪೆನ್ನು ಕೊಟ್ಟವನೂ ನಾನೇ.