ಓದು ಬಂದ ಮಕ್ಕಳ ಹೆಸರು

ಮೇ 6, ಸಂಜೆ ಐದು

...ಅದೂ ಸಾಲದು ಎಂಬಂತೆ ಪ್ರಿಂಟರ್ ಕೈಕೊಟ್ಟಿತು. ಬರೆಯುವ ತಾಳ್ಮೆ ಇಲ್ಲ, ಕಾರಿನಲ್ಲಿ ಕೂತು ಫೋನಿಗೆ ಹೇಳುತ್ತಿದ್ದೇನೆ. ಬೆಳಗ್ಗೆ ಇಬ್ಬರು ಮಕ್ಕಳಿಗೆ ಜ್ವರ. ಮಧ್ಯಾಹ್ನ ಶಾಲೆಗಳ ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಲೆಕ್ಕ ನೋಡುವ ಡೊರೀನ್ ಮೇಡಂ ಫೋನು. ಓದಲು ಬಾರದವರನ್ನು ಕೂರಿಸಿ ಕಲಿಸುವ ನಮ್ಮ ಓದಿನ ಮೇಜಿನ ಮಕ್ಕಳ ಪಟ್ಟಿ ಇವತ್ತೇ ಬೇಕಂತೆ; ಇದ್ದದ್ದನ್ನು ಕಳಿಸಿದೆ. ನಮ್ಮ ಮೇಜು ಉಳಿಯಬೇಕೋ, ಬದಲಿಗೆ ಕಂಪ್ಯೂಟರ್ ಪಾಠ ಬರಬೇಕೋ — ಸ್ಕೂಲ್ ಬೋರ್ಡ್ ಪುರಾವೆ ನೋಡಿ ಮತ ಹಾಕುತ್ತದಂತೆ.

ನೋಡಲಿ. ಸೆಪ್ಟೆಂಬರಿನಲ್ಲಿ ವಿಲ್ಮರ್‌ಗೆ ತನ್ನ ಹೆಸರು ಬಿಟ್ಟು ಏನೂ ಓದಲು ಬರುತ್ತಿರಲಿಲ್ಲ. ಕ್ರಿಸ್ಮಸ್‌ಗೆ ಮೊದಲೇ ಕಪ್ಪೆಯ ಪುಸ್ತಕ ಪೂರ್ತಿ ಓದಿ ಮೇಜು ಬಿಟ್ಟ. ಓದು ಬಂದವರು ಏಳಬೇಕು, ಕುರ್ಚಿ ಮುಂದಿನ ಮಗುವಿಗೆ — ಅದು ಮೇಜಿನ ಟೀಚರ್ ಕ್ಯಾರಲ್ ಮಿಸ್ ನಿಯಮ. ಪಟ್ಟಿಯಿಂದ ಹೆಸರು ಹೊಡೆದುಹಾಕುವವಳು ಅವರ ಸಹಾಯಕಿ ನಾನು. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಗ್ವಾಟೆಮಾಲಾ ಬಿಟ್ಟು ಅಮೆರಿಕದ ಈ ನೆಬ್ರಾಸ್ಕಾಕ್ಕೆ ಬಂದ ವರ್ಷ ನನಗೂ ಓದು ಕಲಿಸಿದ್ದು ಅವರೇ.

ಮೇ 19, ಮಧ್ಯಾಹ್ನ

ಡಿಸ್ಟ್ರಿಕ್ಟ್ ಆಫೀಸಿನ ವರದಿ ಬಂತು. "ಪರಿಣಾಮ ಕಂಡುಬಂದಿಲ್ಲ." ಮೇಜಿಗೆ ಬಾರದ ಮಕ್ಕಳೇ ಓದಿನಲ್ಲಿ ಮುಂದಿದ್ದಾರಂತೆ.

ಕ್ಯಾರಲ್ ಮಿಸ್ ಕನ್ನಡಕ ತೆಗೆದರು. "ಪರಿಣಾಮ ಇಲ್ಲದವಳು ಅಂತ ನನ್ನ ಗಂಡನೂ ಹೇಳ್ತಿದ್ದ ಕಣೇ. ಪಾಪ, ಅವನ ಹತ್ರ ಗ್ರಾಫ್ ಇರಲಿಲ್ಲ."

ನಾನು ವರದಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮೇ 20, ಸಂಜೆ

ವರದಿಯ ಕೊನೆಯಲ್ಲಿ ಲಗತ್ತಿಸಿದ್ದ ಪಟ್ಟಿ ತೆರೆದೆ. ವಿಲ್ಮರ್ ಹೆಸರು ಹುಡುಕಿದೆ. ಇಲ್ಲ.

ಹನ್ನೊಂದೇ ಹೆಸರು. ಏಪ್ರಿಲ್‌ನಲ್ಲಿ ಬಂದವರು, ಇನ್ನೂ ತಡವರಿಸುವವರು. ಡೊರೀನ್ ಮೇಡಂ ಕೇಳಿದ್ದು ವರ್ಷವಿಡೀ ಮೇಜಿಗೆ ಬಂದವರನ್ನು. ನಾನು ಕಳಿಸಿದ್ದು ಆ ದಿನ ಕೂತಿದ್ದವರನ್ನು. ಓದು ಬಂದು ಎದ್ದುಹೋದ ಇಪ್ಪತ್ಮೂರು ಮಕ್ಕಳು ಮೇಜಿಗೇ ಬಾರದವರ ಲೆಕ್ಕಕ್ಕೆ ಸೇರಿದ್ದಾರೆ. ನಾವು ಕಲಿಸಿದವರೇ ನಮ್ಮನ್ನು ಸೋಲಿಸಿದ್ದಾರೆ.

ಕ್ಯಾರಲ್ ಮಿಸ್‌ಗೆ ಹೇಳಿದೆ.

"ನೀನೇನಾ ಕಳಿಸಿದ್ದು, ಒಡಿಲಿಯಾ?"

"ಹೂಂ ಮಿಸ್."

ಪೆನ್ಸಿಲ್ ಚೂಪು ಮಾಡಿ ನನ್ನ ಕೈಗೆ ಕೊಟ್ಟರು. "ನಾಳೆ ರಾತ್ರಿ ಮತ. ಡೊರೀನ್‌ಗೆ ಫೋನ್ ಮಾಡು."

ಮೇ 21, ಸಂಜೆ ಐದೂಮುಕ್ಕಾಲು

ಬೆಳಗ್ಗಿನಿಂದ ಮೂರು ಸಲ ಫೋನ್ ಮಾಡಿದೆ, ರಿಂಗಾಗಿ ನಿಂತಿತು. ನಾಲ್ಕನೆಯದಕ್ಕೆ ಡೊರೀನ್ ಮೇಡಂ ಎತ್ತಿದರು.

"ತಪ್ಪು ನಿಮ್ಮದಲ್ಲ ಮೇಡಂ, ನನ್ನದು. ಪಟ್ಟಿಯಲ್ಲಿ ಬಿಟ್ಟುಹೋದ ಇಪ್ಪತ್ಮೂರು ಹೆಸರೂ ಕೈಯಲ್ಲೇ ಇವೆ, ಈಗಲೇ ಓದ್ತೀನಿ."

"ನೋಡಮ್ಮ, ಫೈಲು ಬೋರ್ಡಿಗೆ ಹೋಗಿ ವಾರ ಆಯ್ತು."

"ಪಟ್ಟಿ ತಪ್ಪು ಅಂತ ಬೋರ್ಡಿಗೆ ಅಷ್ಟಾದ್ರೂ ಹೇಳಿ."

"ಸಹಾಯಕಿ ಒಬ್ಳು ಫೋನಲ್ಲಿ ಹೇಳಿದ್ಲು ಅಂದ್ರೆ ಅದನ್ನ ಪುರಾವೆ ಅಂತಾರಾ? ಹೊಸದಾಗಿ ಲೆಕ್ಕ ಹಾಕ್ಬೇಕು. ನಿನ್ ಮಾತು ಸರಿ ಇರಬಹುದು. ಇಲ್ಲ ಅಂತಿಲ್ಲ." ಹಿಂದೆ ಯಾರೋ ಅವರನ್ನು ಕರೆದರು. "ಈಗ ಸಭೆಗೆ ಹೊರಟಿದ್ದೀನಿ. ಮುಗಿದ್ಮೇಲೆ ಎಂಟೂಕಾಲಿಗೆ ಮಾಡು, ಸಮಾಧಾನವಾಗಿ ಕೇಳ್ತೀನಿ."

ಮತ ಏಳಕ್ಕೆ. ನಾನು ಫೋನ್ ಮಾಡಬೇಕಾದದ್ದು ಎಂಟೂಕಾಲಿಗೆ —