ಭಾನುವಾರದ ಐದು ನಿಮಿಷ

ಬಂಡೂರು
ಸೋಮವಾರ, 10 ನವೆಂಬರ್ 2025

ಶೋಭಿತಾಳ ಅಪ್ಪನಿಗೆ,

ರೂಪ ಬರೆಯುತ್ತಿದ್ದೇನೆ. ಕೈಬರಹ ನೋಡಿಯೇ ಮಡಚಿ ಎಸೆಯಬೇಡಿ, ಹರಿಯುವುದಾದರೆ ಪೂರ್ತಿ ಓದಿ ಹರಿಯಿರಿ. ನಿಮಗೆ ಕೊಡುವ ಮೊದಲು ಜೈಲಿನ ಸಾಹೇಬರು ಇದನ್ನು ಓದುತ್ತಾರೆಂದು ಗೊತ್ತು. ಓದಲಿ. ಮುಚ್ಚಿಟ್ಟುಕೊಂಡು ನನಗೂ ಸಾಕಾಗಿದೆ.

ಮೊದಲು ಮುಖ್ಯವಾದದ್ದು. ನಿಮ್ಮವ್ವನಿಗೆ ಗಂಟಲಲ್ಲಿ ಕ್ಯಾನ್ಸರ್. ಬರುವ ಸೋಮವಾರ, ಹದಿನೇಳನೇ ತಾರೀಕು, ಮಂಡ್ಯದಲ್ಲಿ ಆಪರೇಷನ್. ಮಾತು ಹೊರಡುವ ಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಜೀವ ಉಳಿಯುತ್ತದೆ, ಆಮೇಲೆ ಊಟವನ್ನೂ ಮಾಡುತ್ತಾರೆ, ಆದರೆ ಈಗಿನ ದನಿ ಇನ್ನು ಬರುವುದಿಲ್ಲ ಎಂದರು ಡಾಕ್ಟರು. ನೀವು ನಿಮ್ಮವ್ವನ ಮಾತು ಕೇಳಬೇಕೆಂದರೆ ಉಳಿದಿರುವುದು ಈ ಭಾನುವಾರ ಒಂದೇ.

ಇದನ್ನು ನಿಮಗೆ ಫೋನಿನಲ್ಲೇ ತಿಳಿಸಲು ಚಿತ್ರಾ ಮೇಡಂ ನೋಡಿದರು. ಅವರು ಮಂಡ್ಯದವರು, ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವರು. ಜೈಲಿನಲ್ಲಿರುವವರಿಗೂ ಅವರ ಮನೆಯವರಿಗೂ ಮಧ್ಯೆ ಪತ್ರ, ಫೋನು, ಭೇಟಿ ಎಂದು ಓಡಾಡುತ್ತಾರೆ. ನಾನೇ ಹೋಗಿ ಅವರ ಬಾಗಿಲು ತಟ್ಟಿದೆ. ಅವರು ಬಳ್ಳಾರಿ ಜೈಲಿಗೆ ಫೋನು ಮಾಡಿ ಮಾತಾಡಿದಾಗ ತಿಳಿಯಿತು, ಸೆಪ್ಟೆಂಬರ್ ಕೊನೆಗೆ ನೀವೇ ಬರೆದುಕೊಟ್ಟು ನಮ್ಮ ನಂಬರನ್ನು ಹೊಡೆದುಹಾಕಿಸಿದ್ದೀರಿ ಎಂದು. ನನಗೆ ಯಾರೂ ಇಲ್ಲ, ಮನೆಯ ಸುದ್ದಿ ತರಬೇಡಿ ಎಂದು ಅಲ್ಲಿಯವರಿಗೆ ಹೇಳಿದ್ದೀರಂತೆ. ಮತ್ತೆ ಸೇರಿಸಬೇಕಾದರೂ ನೀವೇ ಅರ್ಜಿ ಕೊಡಬೇಕು. ಶುಕ್ರವಾರದೊಳಗೆ ಕೊಟ್ಟರೆ ಭಾನುವಾರಕ್ಕೆ ಆಗುತ್ತದಂತೆ. ನಾಳೆ ಸ್ಪೀಡ್ ಪೋಸ್ಟಿಗೆ ಹಾಕಿದರೆ ಇದು ಗುರುವಾರ ನಿಮ್ಮ ಕೈಲಿರುತ್ತದೆ. ಇರುವುದು ಒಂದು ದಿನ.

ಹನ್ನೊಂದು ವಾರ ಫೋನು ಮಾಡಿದಿರಿ, ಯಾರೂ ಎತ್ತಲಿಲ್ಲ. ಅವ್ವನೇ ಕೈಬಿಟ್ಟಳು ಎಂದುಕೊಂಡಿರಿ. ಫೋನು ಕೆಟ್ಟಿತ್ತು ಎಂದು ಬರೆದುಬಿಡೋಣ ಅಂತ ಒಂದು ಹಾಳೆ ಬರೆದು ಹರಿದೆ. ಕೆಟ್ಟಿರಲಿಲ್ಲ. ಜೈಲಿನ ನಂಬರನ್ನು ಬ್ಲಾಕ್ ಮಾಡಿದವಳು ನಾನು.

ಯಾಕೆ ಎಂದು ನಿಮಗೂ ಗೊತ್ತಿರಬೇಕು. ಜುಲೈ ಆರು, ಭಾನುವಾರ. ಅತ್ತೆಗೆ ಕಿವಿ ಮಂದ, ಸ್ಪೀಕರ್ ಹಾಕಿದ್ದರು. ನಿಮಗಿರುವ ಐದು ನಿಮಿಷದಲ್ಲಿ ನಾಲ್ಕು ನಿಮಿಷ ನನ್ನ ವಿಚಾರಣೆಯೇ ಆಯಿತು. ‘ಗೆಜ್ಜಲಗೆರೆಯಿಂದ ಯಾರ ಗಾಡಿ ಅತ್ಕಂಡ್ ಬತ್ತಾಳೆ ಅವ್ಳು? ನೀನ್ಯಾಕವ್ವ ಸುಮ್ಕಿದ್ದೀಯೆ?’ ಎಂದಿರಿ. ಪಕ್ಕದಲ್ಲೇ ಕೂತು ಲೆಕ್ಕ ಮಾಡುತ್ತಿದ್ದ ಶೋಭಿತಾ ಪೆನ್ಸಿಲು ಕೆಳಗಿಟ್ಟು ನನ್ನನ್ನು ನೋಡಿದಳು. ಸಂಜೆ ಕೇಳಿಯೂ ಕೇಳಿದಳು, ‘ಗಾಡಿ ಯಾರ್ದಮ್ಮ?’ ಅದು ಅಮೃತಳ ಸ್ಕೂಟಿ. ಗೆಜ್ಜಲಗೆರೆ ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮಿಷನ್ನಿನವಳು, ಮಳವಳ್ಳಿಯವಳು. ಬಸ್ಸು ತಪ್ಪಿದ ದಿನ ಕೂರಿಸಿಕೊಂಡು ಬರುತ್ತಾಳೆ. ಒಂಬತ್ತು ವರ್ಷದ ಮಗಳ ಮುಂದೆ ನಿಂತು ನಾನು ಇದಕ್ಕೆಲ್ಲ ಸಮಜಾಯಿಷಿ ಕೊಡಬೇಕಾಯಿತು.

ನೀವು ಜಗಳದಲ್ಲಿ ದೊಡ್ಡಪ್ಪನ ಮಗನ ತಲೆಗೆ ಹೊಡೆದು, ಆತ ಸತ್ತು, ನೀವು ಜೈಲಿಗೆ ಹೋದಾಗ ಊರೆಲ್ಲ ನಮ್ಮನ್ನು ತಿರುಗಿ ತಿರುಗಿ ನೋಡಿತು. ಆಗಲೂ ನಾನು ತಲೆ ಎತ್ತಿಕೊಂಡೇ ಬಸ್ಸು ಹತ್ತಿದೆ. ಆ ಭಾನುವಾರ ನಿಮ್ಮ ಮಾತು ಕೇಳಿದ ಮೇಲೆ ಆಗಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿದಿದೆ ಎಂದು ಸುಳ್ಳು ಬರೆಯುವುದಿಲ್ಲ.

ಆದರೆ ಸಿಟ್ಟು ಇದ್ದದ್ದು ನಿಮ್ಮ ಮೇಲೆ, ಪೆಟ್ಟು ಬಿದ್ದದ್ದು ಅತ್ತೆಗೆ. ಹದಿಮೂರು ಭಾನುವಾರ ತಲೆ ಬಾಚಿಕೊಂಡು, ಫೋನನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ಯಾಕೆ ಬರಲಿಲ್ಲ ಎಂದು ಒಂದು ದಿನವೂ ಕೇಳಲಿಲ್ಲ. ನಾನೇ ಮೇಲೆ ಬಿದ್ದು ಟವರ್ ಸರಿಯಿಲ್ಲ ಎನ್ನುತ್ತಿದ್ದೆ. ‘ಬುಡು ಕಣಮ್ಮ, ಅವ್ನಿಗೇನ್ ಕೆಲ್ಸ್ವೋ’ ಎಂದು ಎದ್ದು ಒಳಗೆ ಹೋಗುತ್ತಿದ್ದರು. ನೀವೂ ಒಂದು ಕಾಗದ ಹಾಕಬಹುದಿತ್ತು. ಹಾಕಲಿಲ್ಲ, ಅದು ನಿಮ್ಮ ಜಂಬ.

ಅಕ್ಟೋಬರ್ ಎಂಟಕ್ಕೆ ಡಾಕ್ಟರು ಗಂಟಲಿನ ವಿಷಯ ಹೇಳಿದರು. ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ಬ್ಲಾಕ್ ತೆಗೆದೆ. ಅಲ್ಲಿಂದ ಐದು ಭಾನುವಾರ ಅತ್ತೆಯ ಪಕ್ಕದಲ್ಲಿ ನಾನೂ ಕೂತೆ. ಫೋನು ಬರಲಿಲ್ಲ. ಅಷ್ಟರಲ್ಲಿ ನೀವು ನಮ್ಮನ್ನು ಅಳಿಸಿ ಆಗಿತ್ತು.

ಅತ್ತೆಯ ದನಿಯನ್ನು ಮೊಬೈಲಿನಲ್ಲಿ ತುಂಬಿಸಿಡೋಣ, ಮುಂದೆ ಯಾವತ್ತಾದರೂ ಕೇಳಿಸಬಹುದು ಎಂದರು ಚಿತ್ರಾ ಮೇಡಂ. ಅತ್ತೆ ಒಪ್ಪಲಿಲ್ಲ. ‘ಆ ಕಡೆಯಿಂದ ಊಂ ಅನ್ನೋರಿಲ್ದೆ ನಾನೇನಂತ ಮಾತಾಡ್ಲಿ?’ ಎಂದರು. ಆ ದನಿಯೂ ಈಗ ಒಡೆದು ಹೋಗಿದೆ. ಹತ್ತಿರ ಕೂತರೆ ಮಾತ್ರ ತಿಳಿಯುತ್ತದೆ.

ಕಾಲಿಗೆ ಬೀಳುತ್ತೇನೆ ಎಂದು ಬರೆಯಲಾರೆ. ಅರ್ಜಿ ಕೊಡಿ, ಅಷ್ಟೇ. ನನ್ನನ್ನು ಬಯ್ಯುವುದಿದ್ದರೆ ಕಾಗದದಲ್ಲಿ ಬಯ್ಯಿರಿ, ಎಷ್ಟು ಹಾಳೆಯಾದರೂ ಓದುತ್ತೇನೆ. ಭಾನುವಾರದ ಐದು ನಿಮಿಷ ಅವರಿಗೆ ಬಿಡಿ. ಬ್ಲಾಕ್ ಮಾಡಿದವಳು ನಾನೆಂದು ಅತ್ತೆಗೆ ಗೊತ್ತಿಲ್ಲ. ನೀವು ಹೇಳಿಬಿಟ್ಟರೆ ಬೇಡ ಎನ್ನಲು ನನಗೆ ಬಾಯಿಲ್ಲ. ಆದರೆ ಮಗ ಕೊನೆಗೆ ಆಡಿದ್ದು ಸೊಸೆಯ ಮೇಲಿನ ಚಾಡಿ ಎಂದು ಅವರ ಮನಸ್ಸಿನಲ್ಲಿ ಉಳಿಯಬಾರದು.

ಶೋಭಿತಾ ಚೆನ್ನಾಗಿದ್ದಾಳೆ. ನಿಮ್ಮನ್ನು ಕೇಳುತ್ತಾಳೆ.

ನಿಮ್ಮ ಮಗಳ ತಾಯಿ,
ರೂಪ

ತಾ.ಕ.: ಕವರು ಅಂಟಿಸಿದ ಮೇಲೆ ಮನಸ್ಸು ತಡೆಯಲಿಲ್ಲ. ಬಿಚ್ಚಿ, ಅತ್ತೆಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಓದಿ ಹೇಳಿದೆ. ಅವರು ಬಯ್ಯಲಿಲ್ಲ. ‘ನೀನ್ ಫೋನ್ ಒತ್ತುತಿದ್ದಿದ್ನ ಅವತ್ತೇ ನೋಡ್ದೆ ಕಣಮ್ಮ. ಬ್ಯಾಗಿಗೆ ಮಗೀನ ಬಟ್ಟೆ ತುಂಬಿದ್ನೂ ನೋಡ್ದೆ. ನಾನ್ ಬಾಯ್ ಬುಟ್ಟಿದ್ರೆ ನೀನ್ ಮಗೀನ ಕರ್ಕಂಡು ವೈದ್ಯನಾಥಪುರಕ್ಕೆ ಒಂಟೋಯ್ತಿದ್ದೆ. ಜೈಲಿಗೋದೋನು ವಾಯ್ದೆ ಮುಗುದ್ರೆ ಬತ್ತಾನೆ. ಸಿಟ್ ಮಾಡ್ಕಂಡ್ ಮನೆ ಬುಟ್ಟೋದೋಳು ಬತ್ತಾಳಾ?’ ಎಂದರು. ತವರಿಗೆ ಹೋಗಲು ಬ್ಯಾಗು ತುಂಬಿದ್ದು ನಿಜ, ಮೇಲೆ ಅದನ್ನು ಬರೆದಿರಲಿಲ್ಲ. ಫೋನು ಬರುವುದಿಲ್ಲವೆಂದು ಗೊತ್ತಿದ್ದೂ, ತಮಗೆ ಗೊತ್ತಿರುವುದು ನನಗೆ ತಿಳಿಯಬಾರದೆಂದು, ಆ ಹದಿಮೂರು ವಾರ ಫೋನು ಹಿಡಿದು ಕೂತಿದ್ದರು. ಇಷ್ಟು ಹೇಳಿದವರು ಆಮೇಲೆ ಬಾಯಿ ತೆರೆದಿಲ್ಲ. ಉಳಿದಿರುವ ದನಿಯನ್ನು ನಿಮಗೆಂದು ಎತ್ತಿಡಬೇಕಂತೆ, ಭಾನುವಾರದವರೆಗೆ ಯಾರೊಂದಿಗೂ ಮಾತಾಡುವುದಿಲ್ಲವಂತೆ. ಈಗ ಶೋಭಿತಾಳನ್ನು ಊಟಕ್ಕೆ ಕೈಸನ್ನೆ ಮಾಡಿ ಕರೆಯುತ್ತಿದ್ದಾರೆ.