ಇನ್ನೊಂದು ಕೈಯನ್ನೂ ನೋಡಿ

ಮಕ್ಕಳ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನೀವು ನನಗೆ ಮೋಸ ಮಾಡಿದ್ದೀರಿ. ಸುತ್ತಿ ಬಳಸಿ ಹೇಳುವ ಸೌಜನ್ಯ ನನ್ನಲ್ಲಿ ಉಳಿದಿಲ್ಲ.

ನಿಮ್ಮ ಹೊರರೋಗಿ ವಿಭಾಗದ ಬಾಗಿಲ ಪಕ್ಕ ಒಂದು ಹಸಿರು ಕುರ್ಚಿಯಿದೆ. ಅದರ ಎಡಕ್ಕೆ ಗೋಡೆಗೆ ಬಿಗಿದ ರಕ್ತದೊತ್ತಡದ ಯಂತ್ರ. ಕೊಳವೆ ಗಿಡ್ಡವಾದ್ದರಿಂದ ಅಲ್ಲಿ ಕೂತ ಮಕ್ಕಳಿಗೆಲ್ಲ ಎಡಗೈ ಮಾತ್ರ; ಬಲಗೈ ಇರುವುದು ಬಹುಶಃ ತಮಗೆ ಸಲಾಂ ಹೊಡೆಯಲು. ವರ್ಷವಿಡೀ ನನ್ನ ಮಗಳು ತಲೆನೋವೆಂದು ಅಲ್ಲಿ ಕೂತಳು, ಪ್ರತಿಸಲವೂ ‘ಎಲ್ಲ ಸರಿಯಿದೆ’ ಎನಿಸಿಕೊಂಡು ಎದ್ದಳು. ಜಡೆ ಹೆಣೆದುಕೊಳ್ಳುವಾಗ ಎಡಗೈ ಸೋಲುತ್ತದೆ ಎಂದರೆ ನಿಮ್ಮ ವೈದ್ಯರು ನಕ್ಕರು: “ಪರೀಕ್ಷೆ ಹತ್ರ ಬಂತಾ ಪುಟ್ಟಿ?” ಅವಳಜ್ಜಿಯೂ ‘ಸೋಮಾರಿ ರಾಣಿ’ ಎಂದು ಹೆಸರಿಟ್ಟರು. ಅಜ್ಜಿ ವೈದ್ಯಕೀಯ ಓದಿರಲಿಲ್ಲ, ಬಿಡಿ.

ಆಮೇಲೊಮ್ಮೆ ಮಗಳು ಬಿದ್ದು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ದಾದಿ ವಿಧಿಯಿಲ್ಲದೆ ಕುರ್ಚಿ ತಿರುಗಿಸಿ ಬಲಗೈ ನೋಡಿದರು. ಅಂಕಿ ಎಲ್ಲಿಗೋ ಏರಿತು. “ಮಿಷನ್ ಕೆಟ್ಟಿರ್ಬೇಕು, ಮನೆಗೆ ಕರ್ಕೊಂಡು ಹೋಗಿ” ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆ ಯಂತ್ರ ನಿಜ ಹೇಳಿದ್ದು ಅದೊಂದೇ ಸಲ. ಅದೇ ವಾರ ಶಾಲೆಯಲ್ಲಿ ಅವಳಿಗೆ ಫಿಟ್ಸ್ ಬಂತು. ಬೇರೆ ಆಸ್ಪತ್ರೆಯ ವೈದ್ಯೆ ಬಿಡಿಸಿ ಹೇಳಿದರು: ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳ ಗೋಡೆ ಉರಿಯೂತದಿಂದ ದಪ್ಪಗಾಗಿದೆ, ಎಡಗೈಗೆ ಹೋಗುವ ದಾರಿ ಮುಚ್ಚಿಕೊಳ್ಳುತ್ತಿದೆ. ರಕ್ತ ಸಾಲದ ಆ ಕೈಯಲ್ಲಿ ಒತ್ತಡ ಇಳಿದು ಸರಿಯಿದ್ದಂತೆ ಕಾಣುತ್ತಿತ್ತು. ತಲೆಗೆ ನುಗ್ಗುತ್ತಿದ್ದ ಒತ್ತಡವೇ ಬೇರೆ. ಮಕ್ಕಳಲ್ಲಿ ಅಪರೂಪದ ಕಾಯಿಲೆಯಂತೆ. ಒಪ್ಪಿದೆ. ಇನ್ನೊಂದು ಕೈ ಕೂಡ ಅಪರೂಪವೇ, ಸ್ವಾಮಿ?

ಮಗಳು ಬದುಕಿದಳು. ಮಿದುಳಿಗಾದ ಪೆಟ್ಟಿನಿಂದ ಮಾತು ಮಾತ್ರ ತಡವರಿಸುತ್ತದೆ.

ಆಗ ತಾವು ಮನೆಗೇ ಬಂದಿರಿ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡಿರಿ. “ಇನ್ಮೇಲೆ ಪ್ರತಿ ಮಗುವಿನ ಎರಡೂ ಕೈ ನೋಡ್ತೀವಿ ತಂಗಿ, ನನ್ನ ನಂಬು” ಎಂದಿರಿ. ಕರಗಿಹೋದೆ. ನ್ಯಾಯಾಲಯಕ್ಕೆ ಹೊರಟಿದ್ದ ನನ್ನಣ್ಣನನ್ನು ಜಗಳವಾಡಿ ತಡೆದೆ. “ಮೂಗಿಗೆ ತುಪ್ಪ ಸವರಿ ಹೋಗಿದ್ದಾನೆ, ನಿನಗೆ ಗೊತ್ತಾಗ್ತಿಲ್ಲ” ಎಂದ ಅವನು ಅಂದಿನಿಂದ ನಮ್ಮ ಹೊಸಿಲು ತುಳಿದಿಲ್ಲ. ಒಡಹುಟ್ಟಿದವನನ್ನು ದೂರ ಮಾಡಿಕೊಂಡು ನಿಮ್ಮ ಮಾತು ಉಳಿಸಿದೆ. ನೀವದನ್ನು ಮೆಟ್ಟಿಲಿಳಿಯುವಷ್ಟರಲ್ಲಿ ಮರೆತಿರಿ.

ಮೊನ್ನೆ ಮಾತ್ರೆಗೆಂದು ಬಂದೆವು. ಅದೇ ಕುರ್ಚಿ, ಅದೇ ಕೊಳವೆ. ದಾದಿಯನ್ನು ಕೇಳಿದರೆ, “ಹಾಗೇನೂ ಆರ್ಡರ್ ಬಂದಿಲ್ಲಮ್ಮ.” ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ನೀವು ಅದನ್ನೂ ಹಾಕಲಿಲ್ಲ. ಕುರ್ಚಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ತಲೆ ಹಿಡಿದುಕೊಂಡು ಕೂತಿದ್ದಳು. ನನ್ನ ಮಗಳು ಅವಳ ಬಳಿ ಹೋಗಿ, “ಇ... ಇನ್ನೊಂದು... ಕೈನೂ... ಕೊಡು” ಎಂದಳು. ಹುಡುಗಿ ತಕ್ಷಣ ಬಲಗೈ ಚಾಚಿದಳು. ದಾದಿ ಅದನ್ನು ಮೆತ್ತಗೆ ಅವಳ ತೊಡೆಯ ಮೇಲಿಟ್ಟು, “ಎಲ್ಲ ಸರಿಯಿದೆ. ಮುಂದಿನೋರು ಬನ್ನಿ” ಎಂದರು.

ನನಗೆ ತಮ್ಮ ಕಣ್ಣೀರು ಬೇಡ. ತಮ್ಮ ಸಹಿಯಿರುವ ಆದೇಶ ಬೇಕು, ಉದ್ದನೆಯ ಕೊಳವೆ ಬೇಕು. ಅದಕ್ಕೂ ಮೊದಲು ಆ ಹುಡುಗಿಯನ್ನು ಇವತ್ತೇ ವಾಪಸ್ ಕರೆಸಿ. ಅವಳ ಬಲಗೈ ನೋಡಿ. ಏನೂ ಇಲ್ಲದಿರಬಹುದು. ದೇವರೇ, ಏನೂ ಇಲ್ಲದಿರಲಿ.

ಇಂತಿ,
ಇಷ್ಟಾದರೂ ನೀವಿದನ್ನು ಓದುತ್ತೀರೆಂದು ನಂಬಿರುವ
ಒಬ್ಬ ತಾಯಿ